ಸೊಳ್ಳೆಯ ಐದನೆಯ ಪಂದ್ಯ

ನನ್ನ ತಂಗಿಯ ಮಗ ಲವೆಲ್ ಪಿಕೆಟ್‌ಗೆ ಊರವರು ಇಟ್ಟ ಹೆಸರು ಸೊಳ್ಳೆ. ಅಷ್ಟು ತೆಳ್ಳಗೆ, ಅಷ್ಟು ಚುರುಕು, ಹಿಡಿಯಹೋದರೆ ಕೈಗೆ ಸಿಗುವವನಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಎರಡು ಕೈಯಲ್ಲಿ ಬಾಚಿಕೊಳ್ಳುವುದು ಅವನ ಕೆಲಸ. ಹಾರ್ಲನ್ ಬೆಂಡ್ ಕಾಲೇಜಿನವರು ಅವನನ್ನು ಕರೆದು, ಓದಿನ ಖರ್ಚೆಲ್ಲ ನಮ್ಮದೇ ಎಂದಾಗ, ಮಿಸಿಸಿಪ್ಪಿಯ ಈ ಸಣ್ಣ ಊರಿನಲ್ಲಿ ಖುಷಿಪಟ್ಟವರಿಗಿಂತ ಮೂಗು ಮುರಿದವರೇ ಹೆಚ್ಚು. ಕ್ಷೌರದಂಗಡಿಯ ಕ್ಲೀವನ್‌ನದಂತೂ ಯಾವಾಗಲೂ ಅದೇ ಮಾತು.

"ಓಡ್ತಾನೆ, ಇಲ್ಲ ಅಂದೋರ್ಯಾರು ವರ್ಡೆಲಕ್ಕ? ಆದ್ರೆ ಮೊದಲ್ನೇ ವರ್ಷದ ಹುಡುಗ್ರನ್ನ ಅಲ್ಲಿ ಬೆಂಚಿನ ಮೇಲೆ ಕೂರಿಸ್ತಾರೆ. ನಿಮ್ ಸೊಳ್ಳೆ ಬೂಟಿಗೆ ಈ ವರ್ಷ ಹುಲ್ಲೂ ಅಂಟಲ್ಲ, ಬರ್ದಿಟ್ಕೊಳ್ಳಿ."

"ನಿನ್ ಬಾಯಿಗಷ್ಟು ಮಣ್ಣು ಹಾಕ," ಎಂದೆ. "ಊರೋರ ತಲೆ ಬೋಳಿಸೋದು ಬಿಟ್ಟು ನೀನು ಯಾವತ್ತಾದ್ರೂ ಹತ್ತು ಹೆಜ್ಜೆ ಓಡಿದ್ದೀಯೇನೋ?"

ಅಂಗಡಿಯೆಲ್ಲ ನಕ್ಕಿತು. ಈ ಹುಡುಗನ ಓಟ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ನಾನು ಶಾಲೆಯ ಬಸ್ಸು ಓಡಿಸುವವಳು. ನನ್ನ ಮನೆಯಲ್ಲೇ ಮಲಗಿ ಏಳುವ ಈ ಮಹಾರಾಯ ನನ್ನ ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದ. ಬಾಗಿಲು ಹಾಕಿದ ಮೇಲೆ ನಾನು ಯಾರಿಗೂ ತೆಗೆಯುವವಳಲ್ಲ, ಸ್ವಂತ ಮಗನಾದರೂ ಅಷ್ಟೇ. ಅವನು ಹತ್ತಿಯ ಹೊಲದ ನಡುವೆ ಬಿದ್ದು ಓಡಿ, ಮುಂದಿನ ನಿಲುಗಡೆಯಲ್ಲಿ ನನಗಿಂತ ಮೊದಲೇ ನಿಂತು ಹಲ್ಲು ಕಿಸಿಯುತ್ತಿದ್ದ.

ಕಾಲೇಜಿನ ಕೋಚ್ ಬ್ರಾಂಟ್ಲಿಯದು ಬೇರೆಯೇ ತರ್ಕ. ಕಾಲೇಜಿನಲ್ಲಿ ಒಬ್ಬನಿಗೆ ಆಡಲು ಸಿಗುವುದು ನಾಲ್ಕು ವರ್ಷ. ಹೊಸಬನನ್ನು ಮೊದಲ ವರ್ಷ ಕೂರಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಐದನೆಯ ವರ್ಷವೂ ಅವರ ಖರ್ಚಿನಲ್ಲೇ ಓದಿ ಆಡಬಹುದು. ನಾಲ್ಕು ಪಂದ್ಯದ ತನಕ ಇಳಿಸಿದರೂ ಅಡ್ಡಿಯಿಲ್ಲ. ಐದನೆಯದಕ್ಕೆ ಕಾಲಿಟ್ಟನೋ, ಆ ವರ್ಷ ಖರ್ಚಾದ ಹಾಗೆ.

ಆಗಸ್ಟಿನಲ್ಲಿ ಅಭ್ಯಾಸ ನೋಡಲು ಹೋದೆ. ಬೇಲಿಯಾಚೆ ನಿಂತು ನೋಡಿದರೆ ನಮ್ಮವನದು ನೆಲದ ಮೇಲೇ ವಾಸ. ಚೆಂಡು ಬೇರೆಯವನ ಕೈಯಲ್ಲಿದ್ದಾಗ ಅವನಿಗೆ ದಾರಿ ಬಿಡಿಸಲು ಎದುರಾಳಿಗೆ ಅಡ್ಡ ನಿಲ್ಲಬೇಕಲ್ಲ, ಅಲ್ಲಿ ಬೀಳುತ್ತಿದ್ದ. ಎದುರಿಗಿನವನು ಭುಜ ತಾಗಿಸಿದರೆ ಸಾಕು, ಇವನು ಅಂಗಾತ. ಎದ್ದ, ಬಿದ್ದ. ಎದ್ದ, ಬಿದ್ದ. ನನಗೆ ಬೇಲಿ ಹಾರಿ ಹೋಗಿ ಆ ದಾಂಡಿಗನ ಕಿವಿ ಹಿಂಡಬೇಕೆನಿಸಿತು.

ಕೋಚ್ ನನ್ನ ಹತ್ತಿರ ಬಂದು ಟೋಪಿ ತೆಗೆದ. "ಅಮ್ಮಾ, ಹುಡುಗ ಗಾಳಿ ಇದ್ದ ಹಾಗೆ. ಆದ್ರೆ ನನ್ನ ತಂಡದಲ್ಲಿ ಒಂದು ಕಟ್ಟಳೆ ಇದೆ. ಅಡ್ಡ ನಿಲ್ಲೋಕೆ ಬರದವನ ಕೈಗೆ ಚೆಂಡು ಬರಲ್ಲ. ಈ ವರ್ಷ ಕೂತ್ಕೊಂಡು ಉಣ್ಲಿ, ಮೈ ತುಂಬ್ಕೊಳ್ಲಿ."

"ಅವನೇನು ಹಬ್ಬಕ್ಕೆ ಸಾಕಿದ ಹಂದೀನಾ, ಕೂರಿಸಿ ಉಣ್ಣಿಸೋಕೆ?" ಎಂದೆ. "ಓಡೋನನ್ನ ಓಡಿಸಿ ಸ್ವಾಮಿ!"

ಅವನು ನಕ್ಕು ಟೋಪಿ ಹಾಕಿಕೊಂಡು ಹೋದ.

ಆ ಸಂಜೆ ಮನೆಗೆ ಕರೆತಂದು ಕರಿದ ಮೀನು, ಜೋಳದ ರೊಟ್ಟಿ ಮುಂದಿಟ್ಟರೆ ಲವೆಲ್ ಮೂರು ಜನರ ಊಟ ಒಬ್ಬನೇ ಮುಗಿಸಿದ. ಮೊಣಕೈ ಚರ್ಮ ಕಿತ್ತುಹೋಗಿತ್ತು.

"ಎಷ್ಟು ತಿಂದ್ರೂ ಅವರಷ್ಟಾಗಲ್ಲ ದೊಡ್ಡಮ್ಮ," ಎಂದ ಬಾಯಿ ತುಂಬಿಕೊಂಡೇ. "ಕೋಚ್ ನನಗೆ ಗಟ್ಟಿಯಾಗಿ ನಿಲ್ಲು ಅಂತಾನೆ. ನಿಂತ್ರೆ ಸಾಯ್ತೀನಿ. ಎದುರಿನವನು ಕಾಲೂರಿ ಸಿದ್ಧವಾಗೋದ್ರೊಳಗೆ ನಾನು ಅವನ ಎದೆಗೆ ಹೋಗಿ ಬಡೀಬೇಕು. ಓಡೋ ಕಾಲು ಚೆಂಡಿಗಷ್ಟೇ ಯಾಕೆ?"

"ಕೋಚ್‌ಗೆ ಹೇಳ್ದ್ಯಾ?"

"ಬಾಯ್ ಮುಚ್ಚು ಅಂದ."

"ಮುಚ್ಚಿದ್ಯಾ?"

"ನಿನ್ ಕೈಲಿ ಬೆಳೆದೋನು ನಾನು," ಎಂದು ಇನ್ನೊಂದು ಮೀನಿಗೆ ಕೈ ಹಾಕಿದ.

ಸೆಪ್ಟೆಂಬರ್ ಪೂರ್ತಿ ಅವನನ್ನು ಇಳಿಸಿದ್ದು ಗೆದ್ದೋ ಸೋತೋ ಮುಗಿದುಹೋದ ಪಂದ್ಯಗಳ ಕೊನೆಯ ನಿಮಿಷಗಳಲ್ಲಿ, ಜನ ಕಾರು ಹುಡುಕಿಕೊಂಡು ಹೊರಟ ಮೇಲೆ. ಚೆಂಡು ಒಮ್ಮೆಯೂ ಅವನ ಕಡೆ ಬರಲಿಲ್ಲ. ಪ್ರತಿ ಸಲವೂ ನಾನು ಪ್ರೇಕ್ಷಕರ ಮೆಟ್ಟಿಲ ಮೇಲೆ ನಿಂತು, "ಆ ಹುಡುಗನಿಗೆ ಎಸೀರೋ! ಕಣ್ಣು ಕಾಣಲ್ವೇನ್ರೋ!" ಎಂದು ಗಂಟಲು ಹರಿದುಕೊಂಡೆ. ನಾಲ್ಕು ಪಂದ್ಯ ಹೀಗೇ ತೀರಿದವು. ಇನ್ನು ಈ ವರ್ಷ ಅವನು ಬೆಂಚಿಗೇ ಎಂದು ಊರೆಲ್ಲ ತೀರ್ಮಾನಿಸಿತು. ನನ್ನ ಮುಂದೆ ಆ ಮಾತು ಆಡಿದವರು ಮಾತ್ರ ನನ್ನಿಂದ ಸರಿಯಾಗಿ ಅನ್ನಿಸಿಕೊಂಡರು.

ಐದನೆಯ ಪಂದ್ಯ ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಮರಳಿ ಬರುವ ಹಬ್ಬದ ಶನಿವಾರದ್ದು. ಮೈದಾನದ ಹೊರಗೆ ಹೊಗೆ, ಮಾಂಸ ಸುಡುವ ವಾಸನೆ, ಎದೆ ನಡುಗಿಸುವ ಬ್ಯಾಂಡು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುತ್ತಿದ್ದಂತೆ ನಮ್ಮ ಹಿರಿಯ ಆಟಗಾರ ಟಿಬ್ಸ್ ತೊಡೆ ಹಿಡಿದುಕೊಂಡು ಕುಸಿದ. ಅವನ ಜಾಗಕ್ಕೆ ಇದ್ದ ಇನ್ನೊಬ್ಬ ಹಿಂದಿನ ವಾರವೇ ಕೈ ಮುರಿದುಕೊಂಡು ಕೂತಿದ್ದ.

ಕೋಚ್ ಲವೆಲ್‌ನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿ, ನನ್ನ ಕಡೆ ಕೈ ತೋರಿಸಿದ. ಹುಡುಗ ಕಂಬಿಯ ಹತ್ತಿರ ಓಡಿಬಂದ. ನಾನು ಮೆಟ್ಟಿಲಿಳಿದು ಹೋದೆ.

"ದೊಡ್ಡಮ್ಮ, ಇಳಿಯೋದು ಬಿಡೋದು ನಂಗೇ ಬಿಟ್ಟಿದ್ದು ಅಂದ ಕೋಚ್. ಇಳಿದ್ರೆ ವರ್ಷ ಹೋಗುತ್ತೆ, ಮನೆಯೋರಿಗೆ ತಿಳಿಸು ಅಂದ."

ಇಷ್ಟು ದಿನ ಬಾಯಿ ಬಡಿದುಕೊಂಡವಳು ನಾನೇ ತಾನೆ? ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಕೈತಪ್ಪಲಿದ್ದ ಆ ಐದನೆಯ ವರ್ಷ. ಒಂದು ವರ್ಷದ ಓದು! ನಮ್ಮ ವಂಶದಲ್ಲಿ ಯಾರೂ ಮೆಟ್ಟಿಲು ಹತ್ತದ ಕಾಲೇಜಿನಲ್ಲಿ ಇನ್ನೊಂದು ವರ್ಷ! ಅದೂ ಇನ್ನು ಒಂದೇ ಭಾಗ ಉಳಿದಿರುವ ಆಟಕ್ಕೆ, ಆ ದಾಂಡಿಗರ ಎದುರಿಗೆ.

"ಬೇಡ ಮಗಾ," ಎಂದೆ. "ಈ ವರ್ಷ ಕೂತ್ಕೋ. ಮುಂದಿನ ವರ್ಷ ಇದ್ದೇ ಇರುತ್ತೆ."

ಅವನು ನನ್ನ ಮುಖವನ್ನೇ ನೋಡಿದ. ಅಂಥ ನೋಟವನ್ನು ಅವನು ಕೋಚ್‌ಗೆ ಕೊಟ್ಟಿದ್ದ, ಬೀಳಿಸಿದವರಿಗೆ ಕೊಟ್ಟಿದ್ದ. ನನಗೆ ಕೊಟ್ಟದ್ದು ಅದೇ ಮೊದಲು.

"ನಾನು ಕೇಳೋಕೆ ಬರ್ಲಿಲ್ಲ ದೊಡ್ಡಮ್ಮ. ಹೇಳೋಕೆ ಬಂದೆ."

ಶಿರಸ್ತ್ರಾಣ ಹಾಕಿಕೊಂಡು ಓಡಿಯೇಬಿಟ್ಟ. ನಾನು ಕಂಬಿ ಹಿಡಿದು, "ಲವೆಲ್! ಬಾರೋ ಇಲ್ಲಿ! ಲವೆಲ್!" ಎಂದು ಕೂಗಿದೆ. ಬ್ಯಾಂಡಿನ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅವನ ಕಡೆ ಬಂದ ಮೊದಲ ಚೆಂಡು ಬೆರಳಿಗೆ ತಾಗಿ ಜಾರಿತು. ಜನ ಹೋ ಎಂದರು. ಹಿಂದಿನಿಂದ ಯಾರೋ, "ಈ ಪಾಪುನ ಯಾರ್ರೀ ಬಿಟ್ಟಿದ್ದು ಒಳಗೆ?" ಎಂದ. ತಿರುಗಿ ಗುರಾಯಿಸಿದೆ. ಎರಡನೆಯ ಚೆಂಡು ಬರಲೇ ಇಲ್ಲ.

ಇನ್ನೇನು ಆಟ ಮುಗಿಯಬೇಕು, ನಾವು ನಾಲ್ಕು ಅಂಕ ಹಿಂದೆ. ಚೆಂಡನ್ನು, ಅದನ್ನು ಹಿಡಿದು ಓಡುವುದೇ ಕೆಲಸವಾದ ನಮ್ಮ ತಂಡದ ಪೆಟ್ರಿಯ ಕೈಗಿತ್ತರು. ಅವನು ಲವೆಲ್ ಇದ್ದ ಅಂಚಿಗೇ ಓಡಿದ. ಅಲ್ಲಿ ಕಾದಿದ್ದವನು ಲವೆಲ್‌ನ ಎರಡರಷ್ಟು ಅಗಲ. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ, ಆಗಲಿಲ್ಲ. ಆ ದಾಂಡಿಗ ಇನ್ನೂ ಕಾಲು ಸರಿಯಾಗಿ ಊರಿರಲಿಲ್ಲ. ನನ್ನ ಹುಡುಗ ಅಷ್ಟು ದೂರವನ್ನು ನುಂಗಿಹಾಕಿ ಅವನ ಎದೆಗೆ ಹೋಗಿ ಬಡಿದ. ಇಬ್ಬರೂ ನೆಲ ಕಚ್ಚಿದರು. ಪೆಟ್ರಿ ಅವರ ಪಕ್ಕದಲ್ಲೇ ಹಾದು ಕೊನೆಯ ಗೆರೆ ದಾಟಿದ. ಆರು ಅಂಕ, ಆಟ ನಮ್ಮದು.

ಮೈದಾನವೆಲ್ಲ ಪೆಟ್ರಿ, ಪೆಟ್ರಿ ಎಂದು ಕುಣಿಯಿತು. ನಾನು ನೋಡುತ್ತಿದ್ದದ್ದು ನೆಲದ ಮೇಲಿದ್ದವನನ್ನು. ಎದ್ದ. ಈ ಸಲ ಅವನು ಮೊದಲು ಎದ್ದ, ಆ ದಾಂಡಿಗ ಆಮೇಲೆ.

ಜನ ಕರಗಿದ ಮೇಲೆ ಕಂಬಿಯ ಹತ್ತಿರ ಬಂದ. ತುಟಿ ಒಡೆದು ರಕ್ತ ಸೋರುತ್ತಿತ್ತು. ಹಿಂದಿನಿಂದ ಕೋಚ್ ಕೂಗಿ ಹೇಳಿದ, "ಪಿಕೆಟ್, ಮುಂದಿನ ಶನಿವಾರ ಮೊದಲಿಂದಲೇ ನೀನು." ಅವನು ತಿರುಗದೆಯೇ ಕೈಯೆತ್ತಿದ.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕರವಸ್ತ್ರದಿಂದ ಅವನ ತುಟಿ ಒತ್ತಿ ಹಿಡಿದು ಬೈದೆ: "ಅಡ್ನಾಡಿ ಮುಂಡೇದೇ, ಒಂದು ವರ್ಷ ಹೋಯ್ತಲ್ಲೋ! ಚೆಂಡು ಒಂದ್ಸಲಾನೂ ಕೈಗೆ ಸಿಗ್ಲಿಲ್ಲ, ಒಂದು ವರ್ಷ ಹೋಗ್ಬಿಡ್ತಲ್ಲೋ!"

"ಹೋಗ್ಲಿಲ್ಲ ದೊಡ್ಡಮ್ಮ," ಎಂದ ನನ್ನ ಕೈ ಸರಿಸಿ. "ಆಡ್ದೆ."