ದಪ್ಪಕ್ಷರದ ಪುಟ

1993ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಅದಕ್ಕೆ ನಾಚಿಕೆಯಿಲ್ಲ. ದುಡಿದು ತಿಂದವನು, ಯಾರ ಮುಂದೆಯೂ ಕೈಚಾಚಿದವನಲ್ಲ. ಕಳೆದ ವಾರ ಕೊಲ್ಲಿ ದೇಶದ ಹವಲ್ಲಿಯಲ್ಲಿರುವ ನನ್ನ ಸಿಹಿ ಅಂಗಡಿಯ ಒಳಗೆ ಅರಬಿ ಪತ್ರಿಕೆಯೊಂದರ ಮೇಲೆ ಬಿಸಿ ತುಪ್ಪ ಚೆಲ್ಲಿತು. ಶಾಯಿ, ಕಾಗದ, ತುಪ್ಪ… ಆ ವಾಸನೆ ಬಂದದ್ದೇ ತಡ, ನನಗೆ ಕೆಲಸ ಕಲಿಸಿದ ಉಸ್ತಾದರು ಎದುರಿಗೆ ಬಂದು ನಿಂತಂತಾಯಿತು.

ಅವರು ಸಿರಿಯಾದವರು. ತೆಳು ಹಿಟ್ಟಿನ ಹಾಳೆಗಳ ನಡುವೆ ಬೀಜ ತುಂಬಿ ತುಪ್ಪದಲ್ಲಿ ಬೇಯಿಸುವ ಸಿಹಿ ಬಕ್ಲಾವಾ ಮಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಾನು ಅವರಿದ್ದ ಅಂಗಡಿಗೆ ಟ್ರೇ ತೊಳೆಯಲು ಸೇರಿದವನು. ಲಟ್ಟಣಿಗೆ ಕೈಗೆ ಕೊಟ್ಟವರು ಅವರೇ. ಹಿಟ್ಟಿನ ಹಾಳೆಯನ್ನು ಪತ್ರಿಕೆಯ ಮೇಲೆ ಹಾಸಿ, ಕೆಳಗಿನ ಸಣ್ಣ ಅಕ್ಷರ ಓದಲು ಬಂದರೆ ಪಾಸು. ಬಾರದಿದ್ದರೆ ಮುದ್ದೆ ಮಾಡಿ ವಾಪಸು ಕೊಡುತ್ತಿದ್ದರು. ಮೂರು ವರ್ಷ ನನ್ನದು ವಾಪಸೇ ಬಂತು. ನನಗೆ ಅರಬಿ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. "ಓದುವ ಕೆಲಸ ನನ್ನದು, ನೀನು ಲಟ್ಟಿಸು" ಎನ್ನುತ್ತಿದ್ದರು. ಜ್ವರ ಬಂದು ಮಲಗಿದಾಗ ಬೇಳೆ ಸೂಪು ಮಾಡಿ ರೂಮಿಗೆ ತಂದಿದ್ದರು…

2005ರಲ್ಲಿ ಟಿವಿ ತುಂಬ ಒಂದೇ ಸುದ್ದಿ: ಸಿರಿಯಾದ ಸೈನ್ಯ ಲೆಬನಾನ್ ಬಿಟ್ಟು ಹೊರಡಬೇಕು. ದೂರದ ದೊಡ್ಡ ದೇಶಗಳಲ್ಲದೆ ಅಕ್ಕಪಕ್ಕದ ಅರಬ್ ದೇಶಗಳೂ ಅದನ್ನೇ ಹೇಳತೊಡಗಿದ್ದವು. ನಮ್ಮ ಗಲ್ಲಾದಲ್ಲಿ ಕೂರುವವನು ಲೆಬನಾನಿನವನು.

"ಉಸ್ತಾದ್, ನೆಂಟರೂ ಹೇಳಿ ಆಯ್ತು. ಪೆಟ್ಟಿಗೆ ಕಟ್ಟಿದ್ರಾ?"

"ನಾನು ಲಟ್ಟಿಸೋದು ಹಿಟ್ಟು ಮಗಾ. ಟ್ಯಾಂಕಲ್ಲ."

"ಯಲ್ಲಾ, ನಡೀರಿ, ಟ್ಯಾಂಕಿನ ಹಿಂದೆ ಲಟ್ಟಣಿಗೆಯೂ ಹೋಗ್ಲಿ."

ಎಲ್ಲರೂ ನಕ್ಕರು. ನಾನು ಹೆಚ್ಚು ನಕ್ಕೆ. ಗಲ್ಲಾದವನ ಊರಿನಲ್ಲಿ ಆ ಸೈನ್ಯದ ಠಾಣೆಯಿತ್ತು, ಅವನ ಸಿಟ್ಟಿಗೆ ಕಾರಣವಿತ್ತು. ನನಗೆ ಉಸ್ತಾದರ ಜಾಗ ಬೇಕಿತ್ತು, ಅಷ್ಟೇ.

ಲೆಬನಾನಿನ ಕೆಲವು ಗಿರಾಕಿಗಳು "ಒಳಗೆ ಮಾಡುವವರು ಯಾರು?" ಎಂದು ಕೇಳಿ ಬರಿಗೈಯಲ್ಲಿ ಹೋಗತೊಡಗಿದರು. ಒಂದು ಮಧ್ಯಾಹ್ನ ಕಫೀಲ್, ಅಂದರೆ ಅಂಗಡಿಯ ಧಣಿ, ಒಳಗೇ ಬಂದರು. ಗದ್ದದಿಂದ ನನ್ನತ್ತ ತೋರಿಸಿ ಉಸ್ತಾದರನ್ನು ಕೇಳಿದರು: "ಈ ಭಾರತದವನಿಗೆ ಕೆಲಸ ಬಂತಾ? ಬಂದಿದ್ರೆ ನಿಮ್ಮ ಇಕಾಮಾ, ಇಲ್ಲಿರುವ ಪರ್ಮಿಟ್ಟು, ಇನ್ನು ಖಲಾಸ್. ನೀವೇ ನೋಡಿ ಹೇಳಿ."

ತಮ್ಮ ಕುತ್ತಿಗೆಯ ತೀರ್ಪನ್ನು ಅವರೇ ಕೊಡಬೇಕಿತ್ತು.

ನಾನು ಲಟ್ಟಿಸಿದೆ. ಗಲ್ಲಾದವನು ಅಂದಿನ ಪತ್ರಿಕೆಯ ಮುಖಪುಟ ತಂದು ಮೇಜಿನ ಮೇಲಿಟ್ಟು ಕಣ್ಣು ಮಿಟುಕಿಸಿದ. ಹೆಬ್ಬೆರಳು ದಪ್ಪದ ಅಕ್ಷರ. ಏನು ಬರೆದಿದೆಯೆಂದು ಬೆಳಿಗ್ಗೆಯೇ ನನಗೆ ಓದಿ ಹೇಳಿದ್ದ. ಅದರ ಮೇಲೆಯೇ ಹಾಳೆ ಹಾಸಿದೆ.

"ಓದಿ ಉಸ್ತಾದ್. ಕಾಣ್ತದಾ?"

ಅವರು ಕನ್ನಡಕ ಹಾಕಿ ಬಗ್ಗಿದರು. ಹಾಳೆಗೆ ತಾಗದಂತೆ ಬೆರಳು ಓಡಿಸಿದರು. "ಸಿರಿಯಾ… ಲೆಬನಾನ್ ಬಿಟ್ಟು… ಹೊರಡಬೇಕು." ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಕಫೀಲ್ ಕಡೆ ತಿರುಗಿ, "ಕಾಣ್ತದೆ. ಕೆಲಸ ಬಂದಿದೆ" ಎಂದರು.

ಅಷ್ಟು ದಪ್ಪ ಅಕ್ಷರ ಚಪಾತಿಯಡಿಯಲ್ಲೂ ಕಂಡೀತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಣ್ಣಕ್ಷರದ ಪುಟ ತಾ ಎಂದಿದ್ದರೆ ನಾನು ಮತ್ತೆ ಟ್ರೇ ತೊಳೆಯಬೇಕಿತ್ತು. ಯಾಕೆ ಹೇಳಲಿಲ್ಲವೋ… ಲಟ್ಟಣಿಗೆ ಒರೆಸಿ ನನ್ನ ಕೈಗಿಟ್ಟು, "ತುಪ್ಪದಲ್ಲಿ ಮೋಸ ಮಾಡಬೇಡ" ಎಂದರು.

ಅವರು ಹೊರಟ ದಿನ ಮಿರ್ಕಾಬಿನ ಆಫೀಸೊಂದರ ದೊಡ್ಡ ಆರ್ಡರಿತ್ತು. ನಾನು ತಲೆಯೆತ್ತಿ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಅವರ ದೇಶದಲ್ಲಿ ಯುದ್ಧ ಶುರುವಾದಾಗ ಒಮ್ಮೆ ಫೋನ್ ಮಾಡಿದೆ. ರಿಂಗಾಗಲಿಲ್ಲ.

ಕಳೆದ ವಾರ ತುಪ್ಪ ಚೆಲ್ಲಿದವನು ಕುಂದಾಪುರದ ಹೊಸ ಕೆಲಸದವನು. ತನ್ನ ಹಾಳೆ ಹಾಸಿ, "ಅಣ್ಣಾ, ಸರಿ ಉಂಟಾ?" ಎಂದ. ಅರಬಿ ಅಕ್ಷರ ಇಂದಿಗೂ ಬಾರದ ನನಗೆ ಕೆಳಗೆ ಬರೀ ಕಪ್ಪು ಗೆರೆ ಕಾಣುತ್ತಿತ್ತು. ಸರಿ ಉಂಟು ಎಂದೆ.

ಈಗ ನನಗಿರುವುದು: ಕಫೀಲ್ ಹೆಸರಿನಲ್ಲಿ ಎರಡು ಅಂಗಡಿ, ಐದು ಓವನ್, ಹದಿನಾಲ್ಕು ಕೆಲಸದವರು, ಅಬು ಹಲೀಫಾದಲ್ಲಿ ಬಾಡಿಗೆಯ ಒಂದು ಫ್ಲ್ಯಾಟು, ಅವರ ಲಟ್ಟಣಿಗೆ ಒಂದು. ಸಣ್ಣಕ್ಷರದ ಮೇಲೆ ಪಾಸಾದ ಹಾಳೆ, ಒಂದೂ ಇಲ್ಲ.