ತೊಣ್ಣೂರು ಕೆರೆಯಲ್ಲಿ ಓ ಅಂದದ್ದು

ಬೆಳಿಗ್ಗೆ ನಮ್ಮ ಮನೆಯವರು ಮೀನು ತಂದಿದ್ದಾರೆ. ಒದ್ದೆ ಗೋಣಿಚೀಲ ಬಿಚ್ಚಿದ ಕೂಡಲೇ ಅಡುಗೆಮನೆ ತುಂಬ ಕೆರೆಯ ವಾಸನೆ. ಮೀನಿನದಲ್ಲ, ಅದರ ಜೊತೆ ಬಂದ ಪಾಚಿಯದು, ತಣ್ಣಗಿನ ಕಲ್ಲಿನದು. ಬೇರೆಯವರಿಗೆ ಈ ವಾಸನೆಗೆ ಬಾಯಲ್ಲಿ ನೀರೂರಬಹುದು. ನನಗೆ ಕಿವಿ ನೆಟ್ಟಗಾಗುತ್ತದೆ. ಈಳಿಗೆಮಣೆ ಎಳೆದುಕೊಂಡು ಕೂತಿದ್ದೆನಷ್ಟೆ, ಹಿತ್ತಲಿಂದ ಅವರು ಕೂಗಿದರು, "ಇಗಾ, ಒಸಿ ಬತ್ತೀಯಾ?"

ನಾನು ಓಗೊಡಲಿಲ್ಲ. ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತು, ಕೂಗಿದವರು ಅವರೇ ಎಂದು ಕಣ್ಣಾರೆ ಕಂಡ ಮೇಲೆ "ಏನು?" ಅಂದೆ. "ಅಲ್ಲಿಂದ್ಲೇ ಓ ಅನ್ನಾಕೆ ಏನಾಗಿತ್ತು ನಿಂಗೆ?" ಎಂದು ಗೊಣಗಿದರು. ಇದು ನನ್ನ ಹಳೆಯ ರೋಗ. ಮಗಳು ಒಮ್ಮೆ ಮಂಡ್ಯದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ದೀಪ ಹಾಕಿ ಎರಡೂ ಕಿವಿ ನೋಡಿ, ಕಿವಿ ಚೆನ್ನಾಗಿದೆ, ಗಂಡನ ಮಾತು ಮಾತ್ರ ಕೇಳಿಸದಿರುವುದು ಬಹಳ ಮನೆಗಳಲ್ಲಿ ಇರುವುದೇ ಎಂದು ನಕ್ಕರು. ನಾನೂ ನಕ್ಕು ಎದ್ದು ಬಂದೆ. ಅವರಿಗೆ ಏನಂತ ಹೇಳುವುದು? ನಿಮಗಾದರೆ ಹೇಳಬಹುದು, ನೀವು ಮಾತ್ರೆ ಬರೆದುಕೊಡುವುದಿಲ್ಲವಲ್ಲ.

ಸಂತೆಬಾಚಹಳ್ಳಿ ಕಡೆಯವಳು ನಾನು. ಚಿನಕುರಳಿಯ ಈ ಮನೆಗೆ ಸೊಸೆಯಾಗಿ ಬಂದ ಮಾರನೇ ಬೇಸಿಗೆ, ತೊಂಬತ್ತರ ದಶಕದ ಮಾತು. ಬಿ.ಎ. ಪಾಸಾಗಿದ್ದೇನೆಂಬ ಜಂಬ ಇನ್ನೂ ಇಳಿದಿರಲಿಲ್ಲ. ಭಾವನವರಿಗೆ, ಅಂದರೆ ನಮ್ಮವರ ಅಣ್ಣನಿಗೆ, ಮನೆಮಂದಿಯನ್ನೆಲ್ಲ ಮೆಟಡೋರಿನಲ್ಲಿ ತುಂಬಿಕೊಂಡು ಟೂರು ಹೊರಡುವ ಹುಚ್ಚು ಹಿಡಿಯಿತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅದೇ ಮಾತು. ಬೆಳಕು ಹರಿಯುವ ಹೊತ್ತಿಗೆ ಕುಂತಿಬೆಟ್ಟ ಹತ್ತಬೇಕು, ಮಧ್ಯಾಹ್ನ ಎಲ್ಲಾದರೂ ನೀರಿನ ಹತ್ತಿರ ಮೀನು ಹಿಡಿದು ಅಲ್ಲೇ ಸಾರು ಮಾಡಬೇಕು, ಮಾರನೇ ದಿನ ಶ್ರೀರಂಗಪಟ್ಟಣ ನೋಡಬೇಕು. ಮೀನು ತಿಂದ ಬಾಯಲ್ಲಿ ಅದೇ ದಿನ ರಂಗನಾಥನ ಮುಂದೆ ನಿಲ್ಲುವುದು ಬೇಡವೆಂದು ದೇವರನ್ನು ಮಾರನೇ ದಿನಕ್ಕೆ ತಳ್ಳಿದವರು ನಮ್ಮ ಅತ್ತೆ. ಮೀನಿಗೆ ಎಲ್ಲಿಗೆ ಹೋಗುವುದೆಂಬುದೇ ಬಗೆಹರಿದಿರಲಿಲ್ಲ. ಭಾವ ಕಾವೇರಿ ಅಂದರು, ನಮ್ಮವರು ಹೇಮಾವತಿ ಅಂದರು.

"ತೊಣ್ಣೂರು ಕೆರೆಗೇ ಹೋಗವ," ಅಂದರು ಚಿಕ್ಕತ್ತೆ.

ಚಿಕ್ಕತ್ತೆ ಎಂದರೆ ಅತ್ತೆಯ ವಾರಗಿತ್ತಿ, ಅದೇ ಮನೆಯಲ್ಲಿದ್ದವರು. ಅವರ ಗಂಡ, ನಮ್ಮ ಚಿಕ್ಕಮಾವ, ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗಾಳ ತೆಗೆದುಕೊಂಡು ತೊಣ್ಣೂರು ಕೆರೆಗೆ ಹೋಗಿದ್ದವರು ಹಿಂದಿರುಗಿರಲಿಲ್ಲ. ದಡದಲ್ಲಿ ಚಪ್ಪಲಿ, ಟವಲು ಇದ್ದವು. ನೀರಲ್ಲಿ ಎಷ್ಟು ಹುಡುಕಿದರೂ ಹೆಣ ಸಿಗಲಿಲ್ಲ. ಮುಳುಗಿದ ಎಂದವರಿದ್ದರು. ಮೈಸೂರಿನ ಯಾವುದೋ ಹೋಟೆಲಿನಲ್ಲಿ ಕಂಡೆ ಎಂದವರೂ ಇದ್ದರು. ಚಿಕ್ಕತ್ತೆ ಕುಂಕುಮ ತೆಗೆದಿರಲಿಲ್ಲ. ಆದರೆ ಮದುವೆ ಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದ ಹೆಂಗಸು ಇವರ ಮುಂದೆ ಬಂದಾಗ ಒಂದು ಗಳಿಗೆ ತಡವರಿಸಿ ಮುಂದಕ್ಕೆ ಹೋಗುವುದನ್ನು ನಾನೇ ನೋಡಿದ್ದೆ.

ಮಾರನೇ ದಿನ ಒರಳಿನ ಮುಂದೆ ಕೂತು ಅವರೇ ನನಗೆ ಹೇಳಿದರು. "ಇತ್ಲಾಗೆ ಮುತ್ತೈದೆನೂ ಅಲ್ಲ, ಅತ್ಲಾಗೆ ಮುಂಡೆನೂ ಅಲ್ಲ ಕಣವ್ವ ನಾನು. ಅವ್ರು ಎಲ್ಲಾದ್ರೂ ಬದುಕಿದ್ರೆ ಕೆರೆ ಸುಮ್ನಿರ್ತದೆ. ನೀರ್ನಾಗೇ ಇದ್ರೆ ನನ್ನ ಕಂಡು ಕರೀದೆ ಇರಾಕಿಲ್ಲ. ನಾನೇನು ಓ ಅನ್ನಾಕಿಲ್ಲ ಬುಡು, ತಿಳ್ಕಂಡು ಬತ್ತೀನಿ ಅಷ್ಟೆ."

ನೀರಲ್ಲಿ ಹೋದವರು ಕರೆದಾಗ ಓಗೊಟ್ಟರೆ, ಓಗೊಟ್ಟವರು ಅವರ ಹಿಂದೆ ಹೋದಂತೆಯೇ ಎಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ನನ್ನ ಬಿ.ಎ. ಮಾತ್ರ ಮುಸಿಮುಸಿ ನಗುತ್ತಿತ್ತು.

ಚಿಕ್ಕತ್ತೆಯನ್ನು ತಡೆಯಲಾಗದೆ ಅತ್ತೆ ಒಂದು ಕಟ್ಟಳೆ ಮಾಡಿದರು. ಬೆಟ್ಟದ ಮೇಲೆ, ಕೆರೆಯ ಹತ್ತಿರ, ಯಾರೂ ಯಾರನ್ನೂ ಸ್ವಂತ ಹೆಸರಿನಿಂದ ಕರೆಯಕೂಡದು. ಹೆಸರು ಕಿವಿಗೆ ಬಿದ್ದರೆ ತಾನೇ ನೀರಲ್ಲಿರುವವರು ಕರೆಯುವುದು? ಹುಟ್ಟಿದ ಮಕ್ಕಳು ಉಳಿಯಲೆಂದು ತಿಪ್ಪ, ಗುಂಡ ಎಂದೆಲ್ಲ ಹೆಸರಿಡುತ್ತಾರಲ್ಲ, ಹಾಗೆ ಯಾರಿಗೂ ಆಸೆ ಹುಟ್ಟದಂಥ ಹೆಸರುಗಳನ್ನು ಅಕ್ಕಿ ಕೇರುತ್ತಲೇ ಹಂಚಿದರು. ಭಾವ ಗುಂಡನಾದರು. ನಮ್ಮವರು ಕರಿಯನಾದರು. ಚಿಕ್ಕತ್ತೆ ಕಲ್ಲವ್ವ. ನನಗೆ ಬಂದದ್ದು ತಿಪ್ಪಿ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರೆ ತಿಪ್ಪೆಯಾಗಿ ಹೋದಳೆಂದು ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಾತ್ರ ನಗದೆ ನನ್ನನ್ನು ಒಳಗೆ ಕರೆದು, "ಕೆರೆ ತಾವ ಅವ್ಳ ಕೈ ಬುಡ್ಬೇಡ ಕಣವ್ವ," ಅಂದರು.

ಕುಂತಿಬೆಟ್ಟ ಹತ್ತಿದ್ದು ಸಂತೋಷವಾಗಿಯೇ. ಅರ್ಧ ದಾರಿಗೇ ನನ್ನ ಉಸಿರು ಕಿತ್ತುಬಂದು, ಭಾವನ ಚಿಕ್ಕ ಮಗಳು ನನ್ನನ್ನು ಎಳೆದುಕೊಂಡು ಹೋದಳು. ಮೇಲೆ ಭಾವ ಎದುರಿನ ಬಂಡೆಗೆ ಮುಖ ಮಾಡಿ ಎಲ್ಲರ ಹೊಸ ಹೆಸರು ಕೂಗಿದರು. ಗುಂಡ ಅಂದರೆ ಬಂಡೆಯೂ ಗುಂಡ ಅಂತು. ತಿಪ್ಪಿಯೂ ವಾಪಸು ಬಂದಳು. ಕಲ್ಲವ್ವ ಬರಲಿಲ್ಲ. ಭಾವ ಇನ್ನೂ ಜೋರಾಗಿ ಕೂಗಿದರು. ಬಂಡೆ ಸುಮ್ಮನಿತ್ತು.

"ಬುಡಪ್ಪ," ಅಂದರು ಚಿಕ್ಕತ್ತೆ. "ನಾನ್ಯಾರು ಅಂತ ಅದ್ಕೂ ಗೊತ್ತಿಲ್ಲ." ಭಾವ ಮತ್ತೆ ಕೂಗಲು ಹೋಗಲಿಲ್ಲ, ಎಲ್ಲರೂ ಇಳಿದೆವು.

ಕೆರೆ ತಲುಪಿದಾಗ ಮಟಮಟ ಮಧ್ಯಾಹ್ನ. ನಮ್ಮೂರಿನಲ್ಲಿ ಹಗಲೆಲ್ಲ ಕಲ್ಲುಕ್ವಾರಿಯ ಸದ್ದು ಕೇಳಿ ಕೇಳಿ ಕಿವಿಗೆ ಅದೇ ಅಭ್ಯಾಸ. ಇಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ನೀರು ತಿಳಿಯಾಗಿತ್ತು. ದಡದ ಹತ್ತಿರ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು, ಸ್ವಲ್ಪ ಮುಂದೆ ಏನೂ ಕಾಣುತ್ತಿರಲಿಲ್ಲ. ಭಾವ ಒಂದು ಬಂಡೆಯ ಮೇಲೆ ಕೂತು ಗಾಳ ಹಾಕಿದರು. ಅತ್ತೆ, ಭಾವನ ಹೆಂಡತಿ ಅಕ್ಕ, ಮಕ್ಕಳು ಮೇಲೆ ಮರದ ನೆರಳಲ್ಲಿ ಒಲೆ ಹೂಡುತ್ತಿದ್ದರು. ನಮ್ಮವರು ಮೆಟಡೋರಿನೊಳಗೆ ಗೊರಕೆ ಹೊಡೆಯುತ್ತಿದ್ದರು. ನಾನು ಚಿಕ್ಕತ್ತೆಯ ಕೈ ಹಿಡಿದುಕೊಂಡು ದಡದ ಕಲ್ಲಿನ ಮೇಲೆ ಕೂತೆ. ಅವರ ಕೈ ತಣ್ಣಗಿತ್ತು. ಬಿಸಿಲಿಗೆ ನನಗೆ ತೂಕಡಿಕೆ ಬರುತ್ತಿತ್ತು.

"ಇಗಾ, ಒಸಿ ಬತ್ತೀಯಾ?"

ಬಚ್ಚಲಿಂದ ಟವಲು ಕೇಳುವ ಗಂಡಸಿನ ದನಿ. ಅವಸರವಿಲ್ಲ, ಸಿಟ್ಟಿಲ್ಲ.

"ಓ, ಬಂದೆ," ಅಂದೆ ನಾನು. ಅಂದವಳೇ ಎದ್ದು ಹೊರಟೆ. ಹೊರಟ ಮೇಲೆ ಕಾಲಿಗೆ ತಣ್ಣಗೆ ತಾಗಿತು. ನೋಡಿದರೆ ಸೀರೆಯ ಅಂಚು ನೀರಲ್ಲಿ ತೇಲುತ್ತಿತ್ತು. ದನಿ ಬಂದದ್ದು ಮುಂದುಗಡೆಯಿಂದ, ಏನೂ ಕಾಣದ ಆ ನೀರಿನ ಕಡೆಯಿಂದ.

ಅತ್ತೆ ಎಲ್ಲರ ಹೆಸರನ್ನೂ ಬದಲಿಸಿದ್ದರು. ಆದರೆ ಆ ಮನೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆದದ್ದೇ ಇಲ್ಲ. ಮಾವ ಇದ್ದಷ್ಟು ದಿನ ಅತ್ತೆಯನ್ನು ಇಗಾ ಅಂದರು, ಭಾವ ಅಕ್ಕನನ್ನು ಇಗಾ ಅಂದರು, ನಮ್ಮವರು ನನ್ನನ್ನು. ಚಿಕ್ಕಮಾವನೂ ಅದೇ ಮನೆಯ ಮಗ. ಅಣ್ಣತಮ್ಮಂದಿರ, ಮಕ್ಕಳ ದನಿಯೂ ಒಂದೇ ಅಚ್ಚಿನದು. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಯಾರ ಕೈಯನ್ನು ಯಾರು ಹಿಡಿದಿದ್ದೆವೋ ಕಾಣೆ. ಚಿಕ್ಕತ್ತೆ ಬಳೆ ಒಡೆಯುವಷ್ಟು ಬಲವಾಗಿ ನನ್ನನ್ನು ಹಿಂದಕ್ಕೆ ಎಳೆದರು. ನಾನು ಕಲ್ಲಿನ ಮೇಲೆ ಕುಕ್ಕರಿಸಿದೆ. ಅವರು ನನಗಿಂತ ಮುಂದೆ, ನೀರಿನೊಳಗೆ ನಿಂತರು. ಅಳಲಿಲ್ಲ. ಅಂಗಳದಲ್ಲಿ ನಿಂತವರ ಜೊತೆ ಮಾತಾಡುವಂತೆ ಮಾತಾಡಿದರು.

"ಅವ್ಳಲ್ಲ. ಅದಿನ್ನೂ ಮಗ, ಗೊತ್ತಾಗ್ದೆ ಅಂದ್ಬುಡ್ತು. ಓ ಅಂದೋಳು ನಾನು. ಬತ್ತೀನಿ. ಈಗಲ್ಲ, ಮನೇಲಿ ಕೆಲ್ಸ ಅದೆ."

ಭಾವ ತಿರುಗಿ, "ಯಾರ್ ಜೊತೆ ಮಾತಾಡ್ತಿದ್ದೀಯ ಚಿಕ್ಕವ್ವ?" ಅಂದರು. ಅವರು ಕರೆದಿರಲಿಲ್ಲ, ಅವರಿಗೆ ಏನೂ ಕೇಳಿಸಿಯೂ ಇರಲಿಲ್ಲ. ಚಿಕ್ಕತ್ತೆ ಬಗ್ಗಿ ಸೆರಗು ನೆನೆಸಿಕೊಂಡರು. ಹಣೆಯ ಕುಂಕುಮವನ್ನು ತಾವೇ ಒರೆಸಿದರು. ಅತ್ತೆ ಮೇಲಿಂದ ಓಡಿಬಂದು ಆ ಬರಿ ಹಣೆ ನೋಡಿ, "ಗೊತ್ತಾಯ್ತೇನವ್ವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರನ್ನು ತಬ್ಬಿಕೊಂಡು ಅತ್ತರು. ಮಾರನೇ ದಿನದ ಶ್ರೀರಂಗಪಟ್ಟಣದಲ್ಲಿ ನಾವು ಕೋಟೆಯನ್ನೂ ನೋಡಲಿಲ್ಲ, ಬೇಸಿಗೆ ಅರಮನೆಯನ್ನೂ ನೋಡಲಿಲ್ಲ. ಭಾವ ಪಶ್ಚಿಮವಾಹಿನಿಯಲ್ಲಿ ತಲೆ ಬೋಳಿಸಿಕೊಂಡು ಚಿಕ್ಕಮಾವನ ಕಾರ್ಯ ಮಾಡಿದರು. ವಾಪಸು ಬರುವಾಗ ಚಿಕ್ಕತ್ತೆ ನನ್ನ ಭುಜಕ್ಕೆ ಒರಗಿ ಊರು ಬರುವ ತನಕ ಗಾಢವಾಗಿ ನಿದ್ದೆ ಮಾಡಿದರು.

ನನಗೆ ಆಮೇಲೆ ಎಷ್ಟೋ ದಿನ ನಿದ್ದೆ ಇರಲಿಲ್ಲ. ಬಿಸಿಲಿಗೆ ಭ್ರಮೆಯಾಯಿತು ಎಂದು ಬಿ.ಎ. ಹೇಳುತ್ತಿತ್ತು. ಅಂದದ್ದು ಅಂದದ್ದೇ ಎಂದು ಕಾಲು ಹೇಳುತ್ತಿತ್ತು. ಅಂದಿನಿಂದ ಕಣ್ಣಿಗೆ ಕಾಣದವರು ಕರೆದರೆ ನಾನು ಬಾಯಿ ಬಿಟ್ಟಿಲ್ಲ. ಹೆರಿಗೆಯಾಗಿ ಮಲಗಿದ್ದಾಗಲೂ ಅಷ್ಟೆ. ಚಿಕ್ಕತ್ತೆಗೆ ಇದು ಗೊತ್ತಿತ್ತು. ನಮ್ಮವರು ಹೊಲದ ಕಡೆಯಿಂದ ಕೂಗಿದರೆ, "ಅವ್ನೇ ಕಣ್ ಮಗ, ಹೋಗು," ಎಂದು ತಾವು ನೋಡಿ ಹೇಳುತ್ತಿದ್ದರು. ನನ್ನ ಮಕ್ಕಳಿಬ್ಬರನ್ನೂ ಅವರೇ ಸಾಕಿದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬಹಳ ವಯಸ್ಸಾಗಿತ್ತು. ಮಧ್ಯಾಹ್ನ, ಪಡಸಾಲೆಯಲ್ಲಿ, ನಾನೊಬ್ಬಳೇ ಪಕ್ಕದಲ್ಲಿ ಕೂತಿದ್ದೆ. ಎರಡು ದಿನದಿಂದ ಮಾತಿಲ್ಲದವರು ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದರು. ನನಗೆ ಏನೂ ಕೇಳಿಸಲಿಲ್ಲ. "ಓ," ಅಂದರು, ಸ್ಪಷ್ಟವಾಗಿ. "ಬಂದೆ. ಕೆಲ್ಸ ಆಯ್ತು." ನಾನು ಹಿಡಿದಿದ್ದ ಕೈಯನ್ನು ಅವರೇ ಮೆಲ್ಲಗೆ ಬಿಡಿಸಿಕೊಂಡರು.

ಇಷ್ಟು ಹೇಳುವುದರೊಳಗೆ ಮೀನು ಹಸನು ಮಾಡಿ ಮುಗಿಯಿತು. ಕೆರೆಯ ವಾಸನೆ ಕೈಗೂ ಅಂಟಿದೆ. ಹಿತ್ತಲಿಂದ ಮತ್ತೆ ದನಿ.

"ಇಗಾ, ಒಸಿ ಬತ್ತೀಯಾ?"

ಎದ್ದು ಹೋಗಿ ನೋಡಬೇಕೆಂದು ಮೊಣಕಾಲಿಗೆ ಕೈ ಊರಿದೆ. ಮತ್ತೆ ಕೂತೆ. ಕರೆದವರು ಯಾರಾದರೂ ಆಗಲಿ, ಅವ್ಳಲ್ಲ ಎಂದು ಹೇಳಲು ಆ ಕಡೆ ಈಗ ಚಿಕ್ಕತ್ತೆ ಇದ್ದಾರಲ್ಲ.

"ಓ," ಅಂದೆ, ಕೂತಲ್ಲಿಂದಲೇ. "ಬಂದೆ."