ರಾತ್ರಿಯಿಡೀ ಹಿಡಿದಿಟ್ಟ ನೀರು

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದರೆ ಔಷಧಿಯ ವಾಸನೆ ಗಪ್ಪೆಂದು ಬಂತು. ಬೇಸಿಗೆಯಲ್ಲಿ, ಹ್ಯೂಸ್ಟನ್ನಿನಿಂದ ಮೂರು ಗಂಟೆ ದಾರಿಯ ಲಿಯಾಂಡರಿನ ನಮ್ಮ ಬಡಾವಣೆಯ ನೀರು ಒಮ್ಮೊಮ್ಮೆ ಹೀಗೇ. ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ, ನಾನು ಅದೇ ನೀರಲ್ಲಿ ಅನ್ನಕ್ಕಿಡುತ್ತೇನೆ. ಆದರೆ ಈ ವಾಸನೆ ಬಂದಾಗಲೆಲ್ಲ ಪಾಟೀಲ ಅಂಕಲ್ ನೆನಪಾಗದೆ ಇರುವುದಿಲ್ಲ.

ಧಾರವಾಡದ ಕಡೆಯವರು, ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿ ನಮ್ಮ ಎದುರು ಮನೆಯಲ್ಲಿದ್ದರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಒಂದು ಬೇಸಿಗೆ ಮೀನು ಹಿಡಿಯುವ ಲೈಸೆನ್ಸ್ ತಂದಾಗ ನಾವೆಲ್ಲ ನಕ್ಕಿದ್ದೆವು. ಆಂಟಿ ಮಾತ್ರ, ಬಲೆ ಅಡುಗೆಮನೆಯ ಹೊಸ್ತಿಲು ದಾಟಿದರೆ ತಾನು ಮಗಳ ಮನೆಗೆ ಹೊರಟೆ ಎಂದಿದ್ದರು.

ಮನೆಗಳ ಹಿಂದಿನ ಹಳ್ಳದಲ್ಲಿ ರೆಡ್ ಶೈನರ್ ಎಂಬ ಮೀನಿತ್ತು. ಕಿರುಬೆರಳಿನಷ್ಟು. ಚಳಿಗಾಲದಲ್ಲಿ ನೋಡಿದರೆ ತಗಡಿನ ಚೂರು. ಬೇಸಿಗೆ ಬಂತೆಂದರೆ ಗಂಡಿನ ಮೈ ನೀಲಿಯಾಗಿ, ಈಜುರೆಕ್ಕೆ ಕೆಂಪಾಗಿ, ತಲೆಯ ಮೇಲೆ ಬೆವರುಸಾಲೆಯಂಥ ಗುಳ್ಳೆಗಳೇಳುತ್ತವೆ. ಮೊಟ್ಟೆ ಕಲ್ಲಿನ ಸಂದಿಯಲ್ಲಿ. ಆಯುಸ್ಸು ಎರಡೋ ಮೂರೋ ಬೇಸಿಗೆ. ವಾಕಿಂಗಿನಲ್ಲಿ ಅಂಕಲ್ ಇದನ್ನೆಲ್ಲ ಹೇಳುವಾಗ ನಾನು ಹೂಂಗುಟ್ಟುತ್ತಾ, ಬೇಳೆ ನೆನೆಸಿದೆನೇ ಇಲ್ಲವೇ ಎಂದು ಯೋಚಿಸುತ್ತಿದ್ದೆ.

ಆ ವರ್ಷ ಹಳ್ಳ ಹರಿಯುವುದು ನಿಂತಿತು. ಸೇತುವೆಯಡಿ ಒಂದೇ ಮಡು ಉಳಿದು, ಅದೂ ಇಂಗುತ್ತಾ ಟೀ ಬಣ್ಣಕ್ಕೆ ತಿರುಗಿತು. ಕೆಳಗಡೆ ಹೊಸ ಬಡಾವಣೆಯವರು ಹಳ್ಳಕ್ಕೆ ಅಡ್ಡವಾಗಿ ಕಾಂಕ್ರೀಟ್ ಕಟ್ಟೆ ಹಾಕಿದ್ದರು. ನೀರು ಅದರ ಮೇಲಿಂದ ಧುಮುಕಿ ಇಳಿದೀತು, ಮೀನು ಹತ್ತಿ ಬರಲಾರದು.

"ಇವು ಹೋದ್ವು ಅಂದ್ರ ಇಲ್ಲಿಗೆ ಮತ್ತ ಯಾವೂ ಬರೂದಿಲ್ರಿ," ಎಂದರು ಅಂಕಲ್. ಲೈಸೆನ್ಸ್ ತಂದದ್ದು ಅದಕ್ಕೆ, ಮಡುವಿನ ಮೀನನ್ನು ಬಲೆಯಲ್ಲಿ ಎತ್ತಿ ಉಳಿಸಿಕೊಳ್ಳಲು.

ಯುಗಾದಿಗೆ ಪುಳಿಯೋಗರೆ ಕಲಸುವ ದೊಡ್ಡ ಟಬ್ಬು ನಮ್ಮ ಮನೆಯಿಂದ ಹೋಯಿತು. ಅವರ ಗ್ಯಾರೇಜಿನಲ್ಲಿ, ಗುಳುಗುಳು ಗಾಳಿಯೂದುವ ಪಂಪಿನ ಪಕ್ಕ, ಮಡುವಿನ ನೀರಲ್ಲೇ ಮೀನುಗಳು ಚೆನ್ನಾಗಿದ್ದವು. ಗಂಡುಗಳು ಅಲ್ಲೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಮಳೆ ಬರುವವರೆಗೆ ಸಾಕು ಎಂದುಕೊಂಡಿದ್ದೆವು. ಅಷ್ಟರಲ್ಲಿ ಮಡುವೂ ಒಣಗಿತು, ಟಬ್ಬಿನ ನೀರೂ ಇಳಿಯಿತು.

ಆಗ ಅಂಕಲ್ ನಲ್ಲಿ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು ರಾತ್ರಿಯಿಡೀ ತೆರೆದಿಟ್ಟರು. ಕ್ಲೋರಿನ್ ಹಾರಿಹೋಗಲಿ ಎಂದು. ನಮ್ಮ ಮೈಸೂರಿನ ಮನೆಯಲ್ಲೂ ಮೀನಿನ ಗಾಜಿನ ಬುಡ್ಡಿಗೆ ಹೀಗೇ ಮಾಡುತ್ತಿದ್ದದ್ದು. ಇದರಲ್ಲಿ ಕೇಳುವುದೇನಿದೆ?

ಬೆಳಿಗ್ಗೆ ಸುರಿದರು. ಮಧ್ಯಾಹ್ನಕ್ಕೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಂಜೆಗೆ ತೇಲಿದವು. ಗಂಡುಗಳ ನೀಲಿಯೆಲ್ಲ ಇಳಿದು ಬೂದಿಯಾಗಿತ್ತು. ಕೊಚ್ಚೆಯ ಬಿಸಿನೀರಲ್ಲಿ ಬದುಕಿದ್ದ ಜೀವಗಳು ನಾವು ಕುಡಿಯುವ ನೀರಲ್ಲಿ ಸತ್ತವು.

ನನ್ನ ಮಗಳು ಫೋನಿನಲ್ಲಿ ಹುಡುಕಿ ಮೆಲ್ಲಗೆ, "ಅಂಕಲ್, ಇಟ್ಸ್ ಕ್ಲೋರಮೀನ್. ಇಟ್ ಡಸಂಟ್ ಗೋ ಅವೇ," ಎಂದಳು. ಇಲ್ಲಿ ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿರುತ್ತಾರಂತೆ, ಉದ್ದದ ಪೈಪುಗಳಲ್ಲಿ ಹಾರಿಹೋಗದಿರಲಿ ಎಂದು. ರಾತ್ರಿಯಿಡೀ ಇಟ್ಟರೂ ಅಲ್ಲೇ ಇರುತ್ತದೆ.

ಅಂಕಲ್ ಟಬ್ಬಿನ ಅಂಚು ಹಿಡಿದು ಕೂತಿದ್ದರು. "ಆಪರೇಷನ್ ಥಿಯೇಟರಿನಾಗ ಪ್ರತಿ ಸಿಲಿಂಡರಿನ ಲೇಬಲ್ ಓದ್ಲಾರ್ದ ಗ್ಯಾಸ್ ಬಿಟ್ಟಾಂವಲ್ರಿ ನಾ. ಈ ನೀರಿಗೆ ಮಾತ್ರ ಒಂದು ಮಾತು ಯಾರನ್ನೂ ಕೇಳ್ಲಿಲ್ಲ."

ಆಂಟಿ ಒಳಗೆ ಹೋಗಿ ಅಡುಗೆಮನೆಯ ಸ್ಟೀಲ್ ಜರಡಿ ತಂದರು, ತಾವೇ ಬಗ್ಗಿ ಒಂದೊಂದಾಗಿ ಎತ್ತಿದರು.

ಆಮೇಲೆ ಮಳೆ ಬಂತು. ಹಳ್ಳ ತುಂಬಿತು. ಅವರಿಬ್ಬರೂ ಹ್ಯೂಸ್ಟನ್ ಪಕ್ಕದ ಕೇಟಿಗೆ, ತಮ್ಮ ಮಗಳ ಹತ್ತಿರ ಶಿಫ್ಟ್ ಆದರು. ಭಾನುವಾರ ಫೋನ್ ಮಾಡುತ್ತಾರೆ. ಮಂಡಿನೋವು, ಹ್ಯೂಸ್ಟನ್ನಿನ ಟ್ರಾಫಿಕ್ಕು ಎಲ್ಲ ಆದ ಮೇಲೆ ಅಂಕಲ್ ಕೇಳುವುದೊಂದೇ: "ಏನರೆ ಕಂಡ್ವೇನ್ರಿ?"

ನೀರಿನ್ನೂ ಕದಡಿದೆ, ತಳ ಕಾಣುವುದಿಲ್ಲ ಎನ್ನುತ್ತಾ ಬಂದಿದ್ದೇನೆ. ಕದಡಿಯೂ ಇತ್ತು, ಮೇಲುಗಡೆ ಮನೆ ಕಟ್ಟುವವರ ಮಣ್ಣು.

ಇವತ್ತು ಅನ್ನ ಇಳಿಸಿ ಸೇತುವೆಯಡಿಗೆ ಹೋದೆ. ಕಲ್ಲುಗಳ ಸಂದಿ ಸಂದಿ ಬಗ್ಗಿ ನೋಡಿದೆ. ಎಲೆಯೊಂದು ನೆರಳು ಬೀಳಿಸಿಕೊಂಡು ಹೋಯಿತು, ಅಷ್ಟೆ. ಮೇಲೆ ಜಾಗಿಂಗ್ ಮಾಡುತ್ತಿದ್ದ ಹೆಂಗಸೊಬ್ಬಳು ನಿಂತು, ಹಳ್ಳ ಎಷ್ಟು ಕ್ಲೀನ್ ಆಗಿದೆ ನೋಡಿ ಎಂದಳು. ಹೌದು ಎಂದೆ.

ಭಾನುವಾರ ಇವತ್ತು. ತಳದ ಒಂದೊಂದು ಹರಳೂ ಕಾಣುತ್ತಿದೆ.